ಬಿಳಿ ಮಾತ್ರೆಯ ಹೆಸರು

ಫಲೆಲೋವಾ, ಫೋವಾ ದ್ವೀಪ
9 ಮೇ 2000

ಮೆಲೆಯಾನೆಗೆ,

ಲಕೋಟೆಯ ಹಿಂದೆ ನನ್ನ ಹೆಸರು ಓದಿ ನಿನ್ನ ಎದೆ ಧಸಕ್ಕೆಂದಿರುತ್ತದೆ. ಸಮಾಧಾನ ಮಾಡಿಕೊ, ಊರಿನಲ್ಲಿ ಯಾರೂ ಸತ್ತಿಲ್ಲ. ಇಪ್ಪತ್ತೊಂದು ವರ್ಷ ಒಂದು ಸಾಲೂ ಬರೆಯದವಳು ಈಗ ಬರೆಯುತ್ತಿರುವುದು ಪ್ರೀತಿ ಉಕ್ಕಿ ಬಂದು ಅಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕಿದೆ. ಅದು ಮುಗಿದ ಮೇಲೆ ಬೇಕಾದರೆ ಮತ್ತೆ ಮಾತು ಬಿಡೋಣ.

ವಿಳಾಸ ಕೊಟ್ಟದ್ದು ನಿನ್ನ ಚಿಕ್ಕಮ್ಮ. ರಾಜಧಾನಿ ನುಕುಅಲೋಫಾದಲ್ಲಿ ಮಾರುಕಟ್ಟೆಯ ಹಿಂದೆ ಕೂತು ಶಾಲೆ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತೀಯಂತೆ. ನರ್ಸ್ ಆಗುತ್ತೇನೆಂದು ಊರೆಲ್ಲ ಟಾಂ ಟಾಂ ಹೊಡೆದು ಹೋದವಳು ಕೊನೆಗೂ ಸೂಜಿ ಹಿಡಿದದ್ದೇನೋ ನಿಜ, ಬಟ್ಟೆಗೆ ಚುಚ್ಚುವ ಸೂಜಿ.

ನನ್ನ ಸಮಾಚಾರ ಕೇಳು. ಸೆಮಿಸಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನ ಬಸ್ಸನ್ನು ಈಗ ನಾನೇ ಓಡಿಸುತ್ತೇನೆ. ಬೆಳಿಗ್ಗೆ ಹೈಸ್ಕೂಲಿನ ಮಕ್ಕಳನ್ನು ಪಾಂಗೈ ಪೇಟೆಗೆ ಬಿಟ್ಟು ಸಂಜೆ ಕರೆತರುವುದು, ನಡುವೆ ಮೀನು, ಗೆಣಸು, ಪಾದ್ರಿಗಳು. ದಾರಿಯಲ್ಲಿ ವಿಮಾನ ಇಳಿಯುವ ಪಟ್ಟಿಯನ್ನೇ ಅಡ್ಡ ದಾಟಬೇಕು, ಅದಕ್ಕೆ ನನಗೆ ಚೂರೂ ಹೆದರಿಕೆಯಿಲ್ಲ. ಹೆದರಿಕೆ ಇರುವುದು ನಮ್ಮ ದ್ವೀಪಕ್ಕೂ ಪಾಂಗೈ ಇರುವ ದ್ವೀಪಕ್ಕೂ ನಡುವೆ ಕಡಲಿಗೆ ಕಲ್ಲು ಸುರಿದು ಕಟ್ಟಿದ ಆ ಕಟ್ಟೆರಸ್ತೆಗೆ. ಕಳೆದ ವರ್ಷ ಒಂದು ಬೆಳಿಗ್ಗೆ ಅದರ ನಟ್ಟನಡುವೆ ಗಂಟಲು ಬಿಗಿದು, ಎದೆ ಹೊಡೆದುಕೊಂಡು, ಬೆರಳು ಮರಗಟ್ಟಿ, ಇನ್ನು ನಾನು ಸತ್ತೆ ಎಂದುಕೊಂಡೆ. ಸಾಯಲಿಲ್ಲ. ಆದರೆ ಅಲ್ಲಿಂದಾಚೆಗೆ ದಿನವೂ ಅದೇ ಜಾಗದಲ್ಲಿ ಅದೇ ಕತೆ.

ಈಗ ಕಟ್ಟೆ ಬಂದ ತಕ್ಷಣ ಬಸ್ಸು ನಿಲ್ಲಿಸಿ ಇಳಿದುಬಿಡುತ್ತೇನೆ. ಚರ್ಚಿನ ಮೇಲ್ವಿಚಾರಕ ವಿಲಿಯಾಮಿ ಮಾವ, ಹಿಂದೆ ಊರಿನ ಲಾರಿ ಓಡಿಸುತ್ತಿದ್ದನಲ್ಲ ಅವನೇ, ಬಸ್ಸನ್ನು ಆಚೆ ದಾಟಿಸುತ್ತಾನೆ. ನಾನು ಹಿಂದಿನಿಂದ ನಡೆದು ಹೋಗುತ್ತೇನೆ. ನಡೆದರೆ ಏನೂ ಆಗುವುದಿಲ್ಲ, ಅದೇ ಸೋಜಿಗ. ಕಿಟಕಿಯಿಂದ ಮಕ್ಕಳು ಕೂಗುತ್ತವೆ: 'ಅತ್ತೇ, ಬೇಗ ಬನ್ನಿ, ಬಸ್ಸು ತಪ್ಪಿಹೋಗುತ್ತೆ.' ತನ್ನ ಬಸ್ಸನ್ನೇ ತಪ್ಪಿಸಿಕೊಳ್ಳುವ ಡ್ರೈವರು ಈ ರಾಜ್ಯದಲ್ಲಿ ನಾನೊಬ್ಬಳೇ ಇರಬೇಕು.

ನಗುವ ವಿಷಯವಲ್ಲ. ಆಗಸ್ಟಿನಲ್ಲಿ ಪರ್ಮಿಟ್ಟು ಹೊಸದು ಮಾಡಿಸಬೇಕು. ಅಧಿಕಾರಿ ಪಕ್ಕದಲ್ಲಿ ಕೂತಿರುವಾಗ ಇಡೀ ದಾರಿ ನಾನೇ ಓಡಿಸಿ ತೋರಿಸಬೇಕು. ಆಗದಿದ್ದರೆ ಬಸ್ಸು ಹೋಯಿತು. ಬಸ್ಸು ಹೋದರೆ ನನ್ನ ಬದುಕು ಹೋಯಿತು, ಅಷ್ಟೇ ಮಾತು.

ಪಾಂಗೈಗೆ ಫೊನುವಾ ಎಂಬ ಹೊಸ ಡಾಕ್ಟರು ಬಂದಿದ್ದಾರೆ. ನಮ್ಮ ಕಣ್ಣಿಗೆ ಹುಡುಗ, ಮಾತು ಮಾತ್ರ ಅಜ್ಜನದು. ಇದು ಆತಂಕದ ಕಾಯಿಲೆ, ಹುಚ್ಚಲ್ಲ, ಔಷಧಿ ಇದೆ ಎಂದರು. ಆಮೇಲೆ ನನ್ನ ಹಳೆಯ ಕಾರ್ಡು ತೆಗೆದು ನೋಡಿದರು. ಅದರಲ್ಲಿ ಕೆಂಪು ಶಾಯಿಯಲ್ಲಿ '1979, ಪನಡೋಲ್, ಉಸಿರು ಕಟ್ಟಿತ್ತು' ಎಂದು ಬರೆದಿದೆ.

'ನೋವು, ಜ್ವರಕ್ಕೆ ಎಲ್ರೂ ನುಂಗೋ ಪನಡೋಲ್ ಹೀಗೆ ಮಾಡೋದು ತೀರಾ ಅಪರೂಪ,' ಎಂದರು. 'ಕೊಟ್ಟೋರು ಯಾರು?'

'ಗೆಳತಿ.'

'ಬಾಟಲಿ ಮೇಲೆ ಏನು ಬರೆದಿತ್ತು ಅಂತ ಅವರನ್ನ ಕೇಳ್ತೀರಾ?'

'ನಾವಿಬ್ರೂ ಮಾತಾಡಲ್ಲ.'

'ಮಾತಾಡಬೇಡಿ. ಬರೀರಿ.'

ಅದಕ್ಕೇ ಬರೆಯುತ್ತಿದ್ದೇನೆ. ಆತಂಕದ ಮಾತ್ರೆ ಕೊಟ್ಟಿದ್ದಾರೆ, ಬಿಸ್ಕತ್ತಿನ ಡಬ್ಬಿಯಲ್ಲಿದೆ. ಮಾತ್ರೆ ಎಂದರೇ ನನಗೆ ಆ ದಿನದ ಭಯ. ಆತಂಕಕ್ಕೆಂದು ಕೊಟ್ಟ ಮಾತ್ರೆ ನೋಡಿದರೇ ಆತಂಕ. ಅವತ್ತು ಹಲ್ಲುನೋವೆಂದು ಅಳುತ್ತಿದ್ದವಳಿಗೆ ನೀನು ಕೊಟ್ಟದ್ದು ಏನೆಂದು ಸರಿಯಾಗಿ ಬರೆದು ಕಳಿಸು. ಅಷ್ಟು ಗೊತ್ತಾದರೆ ಇದನ್ನು ನುಂಗುವ ಧೈರ್ಯ ಬರುತ್ತದೆ.

ನನ್ನ, ಸೆಮಿಸಿಯ ಮದುವೆಗೆ ಅವತ್ತು ಹತ್ತು ದಿನ ಇತ್ತು. ಆಸ್ಪತ್ರೆಯಲ್ಲಿ ನನಗೆ ಎಚ್ಚರವಾದಾಗ ನೀನು ಆಗಲೇ ಹಡಗು ಹತ್ತಿಯಾಗಿತ್ತು. ನಿನಗೂ ಸೆಮಿಸಿಯ ಮೇಲೆ ಕಣ್ಣಿತ್ತು, ಅದಕ್ಕೇ ಮದುವೆ ನೋಡಲಾರದೆ ನೀನು ಓಡಿಹೋದೆ ಎಂದು ಊರು ಹೇಳಿತು. ನಾನೂ ನಂಬಿದೆ. ಈಗ ಅವನೂ ಇಲ್ಲ, ಜಗಳಕ್ಕೆ ಬಂಡವಾಳವೂ ಇಲ್ಲ.

ಫೋನ್ ಮಾಡಬಹುದಿತ್ತು. ಆದರೆ ಪಾಂಗೈ ಟೆಲಿಫೋನ್ ಕಚೇರಿಯ ಬೆಂಚಿನ ಮೇಲೆ ಕೂತವರೆಲ್ಲ ನನ್ನ ಪ್ರಶ್ನೆಗೆ ತಾವೇ ಉತ್ತರ ಹೇಳಿಬಿಡುತ್ತಾರೆ.

ಲೆಸಿಯೇಲಿ


ನುಕುಅಲೋಫಾ
22 ಮೇ 2000

ಲೆಸಿಯೇಲಿ,

ನಿನ್ನ ಅಕ್ಷರ ಇನ್ನೂ ಏಡಿ ನಡೆದ ಹಾಗೇ ಇದೆ. ಎರಡು ಸಲ ಓದಿದೆ. ಸುಳ್ಳು, ಐದು ಸಲ.

ಸೆಮಿಸಿ ಹೋದದ್ದು ತಿಳಿದಿತ್ತು. ಬರಬೇಕಿತ್ತು, ಬರಲಿಲ್ಲ. ಕ್ಷಮಿಸು ಎನ್ನಲು ಮುಖವಿಲ್ಲ. ನೀನು ಬಸ್ಸು ಓಡಿಸುವುದನ್ನು ಕೇಳಿ ನಮ್ಮಮ್ಮ ಊಟ ಬಿಟ್ಟು ನಕ್ಕಳು. ಅವಳನ್ನು ಇಲ್ಲಿಗೇ ಕರೆಸಿಕೊಂಡಿದ್ದೇನೆ. ಕಿವಿ ಕೇಳಿಸುವುದಿಲ್ಲ, ಬೇಡದ ಮಾತು ಮಾತ್ರ ಕೇಳಿಸುತ್ತದೆ.

ಇಲ್ಲಿ ಹೊಲಿಗೆಯ ಸುಗ್ಗಿ. ಒಂದು ಶಾಲೆಗೆ ನೀಲಿ, ಇನ್ನೊಂದಕ್ಕೆ ಕೆಂಪು. ನಿದ್ದೆಯಲ್ಲೂ ಗುಂಡಿ ಹೊಲಿಯುತ್ತೇನೆ. ನಿನಗೊಂದು ರವಿಕೆ ಹೊಲಿದು ಕಳಿಸುತ್ತೇನೆ, ಅಳತೆ ಬರೆ. ಹಳೆಯ ಅಳತೆ ಬರೆಯಬೇಡ.

ಮಾತ್ರೆಯ ವಿಷಯ. ಪನಡೋಲ್ ಎಂದು ಅಂದೇ ಹೇಳಿದ್ದೆನಲ್ಲ. ಇಪ್ಪತ್ತೊಂದು ವರ್ಷದ ಹಿಂದಿನ ಬಾಟಲಿಯ ಮೇಲಿನ ಬರಹ ಯಾರಿಗೆ ನೆನಪಿರುತ್ತದೆ? ಕಾರ್ಡಿನಲ್ಲಿ ಬರೆದದ್ದೇ ಸರಿ ಇರಬೇಕು.

ಆದರೆ ಒಂದು ಮಾತು. ಡಾಕ್ಟರು ಕೊಟ್ಟದ್ದನ್ನು ಡಬ್ಬಿಯಲ್ಲಿ ಇಟ್ಟು ಪೂಜೆ ಮಾಡಬೇಡ. ನೀನು ಬೇರೆ ಏನೇನು ನುಂಗುತ್ತೀಯೋ, ಏನು ಹಚ್ಚಿಕೊಳ್ಳುತ್ತೀಯೋ ಎಲ್ಲವನ್ನೂ ಅವರಿಗೆ ಹೇಳು. ಊಟದ ಜೊತೆ ತೆಗೆದುಕೊ. ಗಂಡಸರ ಕಾವಾ ಕೂಟದಲ್ಲಿ ಕಾವಾ ಕಲಸಿಕೊಟ್ಟರೂ ಆ ಮತ್ತಿನ ಬೇರಿನ ನೀರು ಒಂದು ತೊಟ್ಟೂ ಬಾಯಿಗೆ ಹಾಕಬೇಡ, ಎರಡೂ ಸೇರಿದರೆ ತೂಕಡಿಕೆ. ವಾಸಿಯಾಯಿತೆಂದು ನೀನೇ ನಿಲ್ಲಿಸಬೇಡ. ನರ್ಸ್ ಆಗದಿದ್ದರೂ ಅಷ್ಟು ಓದಿದ್ದೇನೆ.

ಮೆಲೆಯಾನೆ


ಫಲೆಲೋವಾ
7 ಜೂನ್ 2000

ಮೆಲೆಯಾನೆ,

ಕೇಳದ ಉಪದೇಶ ಒಂದು ಪುಟ ಬರೆದಿದ್ದೀಯ, ನಾನು ಕೇಳಿದ್ದಕ್ಕೆ ಮಾತ್ರ ಎರಡೇ ಸಾಲು. ಇರಲಿ. ಅಳತೆ ಬರೆಯುವುದಿಲ್ಲ. ಅಂದಾಜಿನಲ್ಲಿ ಹೊಲಿ, ದೊಡ್ಡ ಅಂದಾಜು ಮಾಡು.

ನಿನ್ನ ಕಾಗದವನ್ನು ಡಾಕ್ಟರಿಗೇ ತೋರಿಸಿದೆ. ಕಾವಾದ ಮಾತು ಸರಿಯಾಗಿ ಬರೆದಿದ್ದಾಳೆಂದು ನಿನ್ನನ್ನು ಹೊಗಳಿದರು, ಹಿಗ್ಗಬೇಡ. 'ಹಂಗಾದ್ರೆ ಪನಡೋಲೇ ಅಂತ ಇಟ್ಕೊಳ್ಳೋಣ,' ಎಂದರು. ಈ ಆತಂಕದ ಮಾತ್ರೆ ನೋವಿನ ಮಾತ್ರೆಗಳ ಕುಲದ್ದೇ ಅಲ್ಲವಂತೆ, ನನ್ನ ಅಲರ್ಜಿಗೂ ಇದಕ್ಕೂ ಸಂಬಂಧವಿಲ್ಲವಂತೆ. ಮೊದಲು ಒಂದು ವಾರ ಅರ್ಧ, ಆಮೇಲೆ ಪೂರ್ತಿ. ಗುಣ ಕಾಣಲು ಮೂರು ನಾಲ್ಕು ವಾರ ಹಿಡಿಯುತ್ತದೆ. ತೂಕಡಿಕೆ ಬರುತ್ತದೋ ಇಲ್ಲವೋ ತಿಳಿಯುವವರೆಗೆ ಬಸ್ಸು ಮುಟ್ಟುವ ಹಾಗಿಲ್ಲ. ವಿಲಿಯಾಮಿ ಮಾವನೇ ಓಡಿಸುತ್ತಾನೆ, ಶವಯಾತ್ರೆಯ ವೇಗದಲ್ಲಿ.

ಶುರುವಿನಲ್ಲಿ ಕೆಲವರಿಗೆ ತಲೆನೋವು ಬರುತ್ತದಂತೆ. ಪನಡೋಲ್ ನನಗೆ ಆಗಿಬರುವುದಿಲ್ಲವಲ್ಲ, ಅದಕ್ಕೆ ಬದಲು ಆಸ್ಪಿರಿನ್ ಕೊಟ್ಟಿದ್ದಾರೆ. ಒಂದೆರಡು ಸಲಕ್ಕೆ ಪರವಾಗಿಲ್ಲ, ಈ ಔಷಧಿಯ ಜೊತೆ ಜಾಸ್ತಿ ಬೇಡ, ಹೊಟ್ಟೆಗೆ ಒಳ್ಳೆಯದಲ್ಲ ಎಂದೂ ಹೇಳಿದ್ದಾರೆ. ಕಾಗದದಲ್ಲಿ ನಾಲ್ಕು ಮಾತ್ರೆ ಸುತ್ತಿ ಕೊಟ್ಟರು.

ನಾಳೆ ಬೆಳಿಗ್ಗೆಯಿಂದ ಶುರು. ನಗಬೇಡ, ಧೈರ್ಯ ಬಂದದ್ದು ನಿನ್ನ ಕಾಗದದಿಂದ. ನನಗೆ ಯಾವ ಮಾತ್ರೆ ಆಗಿಬರುವುದಿಲ್ಲ ಎಂದು ಈಗ ಸರಿಯಾಗಿ ಗೊತ್ತಿದೆಯಲ್ಲ.

ಲೆಸಿಯೇಲಿ


ನುಕುಅಲೋಫಾ
10 ಜೂನ್ 2000, ಶನಿವಾರ ಸಂಜೆ

ಲೆಸಿ,

ಇದು ನಿನ್ನ ಕೈಸೇರುವ ಹೊತ್ತಿಗೆ ನೀನು ರೇಡಿಯೋ ಕೇಳಿರುತ್ತೀಯ. ಕೇಳಿರಬೇಕು. ಕೇಳಿರದಿದ್ದರೆ ಮುಂದಿನದನ್ನು ಯಾರಿಗೆ ಬರೆಯುತ್ತಿದ್ದೇನೆಂದು ಯೋಚಿಸಲು ಧೈರ್ಯವಿಲ್ಲ.

ನಿನ್ನ ಕಾಗದ ಇವತ್ತು ಮಧ್ಯಾಹ್ನ ಹಡಗಿನಲ್ಲಿ ಬಂತು. ಆಸ್ಪಿರಿನ್ ಎಂಬ ಮಾತು ಓದಿದವಳೇ ಹೊಲಿಗೆ ಬಿಟ್ಟು ಓಡಿದೆ. ಟೆಲಿಫೋನ್ ಕಚೇರಿಗೆ ಬೀಗ. ಶನಿವಾರ ಮಧ್ಯಾಹ್ನ ಮುಚ್ಚಿದರೆ ಸೋಮವಾರವೇ. ಭಾನುವಾರ ಚರ್ಚು ಬಿಟ್ಟರೆ ಈ ದೇಶದಲ್ಲಿ ನೊಣವೂ ಹಾರುವುದಿಲ್ಲ. ರೇಡಿಯೋ ಕೇಂದ್ರದಲ್ಲಿ ಸಾವಿನ ಸುದ್ದಿ ಬರೆದುಕೊಳ್ಳುವವನೊಬ್ಬ ಇರುತ್ತಾನೆ, ಸಾವಿಗೆ ರಜೆ ಇಲ್ಲವಲ್ಲ. ಅವನ ಮುಂದೆ ನಿಂತೆ.

'ಯಾರು ತೀರ್ಕೊಂಡ್ರಮ್ಮ?' ಎಂದ.

'ಇನ್ನೂ ಯಾರೂ ಇಲ್ಲ. ಬೇಗ ಓದಿಸಿದ್ರೆ ತೀರ್ಕೊಳ್ಳೋದೂ ಇಲ್ಲ,' ಎಂದೆ.

ನಾನು ಹೇಳಿದ್ದನ್ನು ಅವನು ಬರೆದುಕೊಂಡ. ಬರೆಯುತ್ತ ಬರೆಯುತ್ತ ತಲೆಯೆತ್ತಿ ನನ್ನ ಮುಖ ನೋಡಿದ. ಹೆಸರೂ ಸೇರಿಸಬೇಕೇ ಎಂದು ಕೇಳಿದ. ಹೆಸರಿಲ್ಲದಿದ್ದರೆ ಅವಳು ನಂಬುವುದಿಲ್ಲ, ಸೇರಿಸಿ ಎಂದೆ.

ಈಗ ಪೂರ್ತಿ ಹೇಳುತ್ತೇನೆ. ಅವತ್ತು ನಿನಗೆ ಕೊಟ್ಟದ್ದು ಆಸ್ಪಿರಿನ್. ನರ್ಸಿಂಗ್ ಕಲಿಯುವಾಗ ವಾರ್ಡಿನ ಬೀರುವಿನಿಂದ ಕೇಳದೆ ಎತ್ತಿಕೊಂಡು ಬಂದಿದ್ದೆ, ಊರಿನವರ ಮುಂದೆ ನರ್ಸಮ್ಮನಾಗಿ ಮೆರೆಯಬೇಕಲ್ಲ. ಪಾಂಗೈ ಆಸ್ಪತ್ರೆಯಲ್ಲಿ ಏನು ಕೊಟ್ಟೆ ಎಂದು ಕೇಳಿದರು. ಬಾಯಿಗೆ ಬಂದದ್ದು ಪನಡೋಲ್. ನಮ್ಮೂರಿನಲ್ಲಿ ಬಿಳಿಯಾಗಿ ದುಂಡಗಿರುವುದೆಲ್ಲ ಪನಡೋಲೇ ತಾನೆ? ಅಜ್ಜಿಯ ಕೆಮ್ಮಿನ ಮಾತ್ರೆಗೂ ಅದೇ ಹೆಸರು. ಅದು ನಾಲಗೆ ತಪ್ಪು, ಆಣೆ ಮಾಡಿ ಹೇಳುತ್ತೇನೆ. ಆದರೆ ಅವರು ಅದನ್ನು ಕೆಂಪು ಶಾಯಿಯಲ್ಲಿ ಬರೆಯುವುದನ್ನು ನಿಂತು ನೋಡಿದೆ. ಅಲ್ಲ, ಆಸ್ಪಿರಿನ್ ಎಂದು ಬಾಯಿ ಬಿಟ್ಟಿದ್ದರೆ ಎಲ್ಲಿಂದ ತಂದೆ ಎಂದು ಕೇಳುತ್ತಿದ್ದರು, ನನ್ನನ್ನು ಹೊರಗೆ ಹಾಕುತ್ತಿದ್ದರು. ಸುಮ್ಮನಾದೆ. ಅದು ನಾಲಗೆ ತಪ್ಪಲ್ಲ.

ಹೊರಗೆ ಯಾರೂ ಹಾಕಲಿಲ್ಲ, ನಾನೇ ಬಿಟ್ಟೆ. ಒಂದು ಮಾತ್ರೆ ಕೊಡುವ ಮೊದಲು ಬಾಟಲಿಯ ಹೆಸರು ಹತ್ತು ಸಲ ಓದುತ್ತಿದ್ದೆ, ಆದರೂ ಕೊಡಲಾಗುತ್ತಿರಲಿಲ್ಲ. ಸೆಮಿಸಿಯ ಮೇಲೆ ನನಗೆ ಕಣ್ಣಿರಲಿಲ್ಲ ಮಾರಾಯ್ತಿ. ಅವನ ಕಾಲಿನ ವಾಸನೆ ನನಗೆ ಆರನೇ ಕ್ಲಾಸಿನಿಂದಲೇ ಗೊತ್ತಿತ್ತು. ನಿನ್ನ ಮುಖ ನೋಡಲಾರದೆ ಓಡಿದೆ.

ಹೋದ ತಿಂಗಳು ನೀನು ನೇರವಾಗಿ ಕೇಳಿದಾಗಲೂ ಮತ್ತೆ ಅದೇ ಸುಳ್ಳು ಬರೆದೆನಲ್ಲ, ಅದನ್ನು ಮಾತ್ರ ಕ್ಷಮಿಸಬೇಡ.

ಆ ನಾಲ್ಕು ಮಾತ್ರೆಯನ್ನು ಕಡಲಿಗೆ ಎಸೆ.

ಮೆಲೆಯಾನೆ


ಫಲೆಲೋವಾ
13 ಜೂನ್ 2000

ಮೆಲೆಯಾನೆ ಎಂಬ ಮಹಾತಾಯಿಗೆ,

ಬದುಕಿದ್ದೇನೆ. ನೀನು ಕಾಗದವನ್ನೂ ಬರೆದಿರುತ್ತೀಯ, ಅದು ಇನ್ನೂ ಬಂದಿಲ್ಲ, ಅದಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಹಡಗಿನ ವೇಳೆ ತಿಳಿಯಲು ಶನಿವಾರ ಸಂಜೆ ನಾನು ರೇಡಿಯೋ ತಪ್ಪಿಸುವುದಿಲ್ಲ. ಗುರುವಾರದಿಂದ ಅರ್ಧ ಮಾತ್ರೆ ನುಂಗುತ್ತಿದ್ದೆ. ಹೊಟ್ಟೆ ತೊಳಸು, ಜೊತೆಗೆ ಡಾಕ್ಟರು ಹೇಳಿದ ತಲೆನೋವು ಸರಿಯಾಗಿ ಶನಿವಾರವೇ ಬಂತು. ಆ ಕಾಗದದ ಪೊಟ್ಟಣ ಮಡಿಲಿನಲ್ಲಿತ್ತು. ಹಡಗಿನ ಸುದ್ದಿ ಕೇಳಿ ನೀರು ತರೋಣವೆಂದು ಕೂತಿದ್ದೆ.

ಮೊದಲು ಸಾವಿನ ಸುದ್ದಿ. ಆ ಓದುವವನ ಧ್ವನಿ ನಿನಗೆ ಗೊತ್ತಲ್ಲ, ಗೋರಿಯ ಒಳಗಿಂದ ಬಂದ ಹಾಗೆ. ಇಬ್ಬರು ಮುದುಕರು, ಒಬ್ಬಳು ಅಜ್ಜಿ. ಅದೇ ಧ್ವನಿಯಲ್ಲಿ, ಉಸಿರು ಬದಲಿಸದೆ: 'ಫೋವಾ ದ್ವೀಪದ ಫಲೆಲೋವಾ ಊರಿನ ಬಸ್ಸಿನ ಲೆಸಿಯೇಲಿ.' ನನಗೇ ಒಂದು ಗಳಿಗೆ ನಾನು ಸತ್ತೆನೇ ಎನ್ನಿಸಿತು. ಆಮೇಲೆ, 'ತಲೆನೋವಿನ ಮಾತ್ರೆ ಮುಟ್ಟಬೇಡ. 1979ರಲ್ಲಿ ನಿನ್ನ ಉಸಿರು ಕಟ್ಟಿಸಿದ್ದು ಆಸ್ಪಿರಿನ್. ಪನಡೋಲ್ ಎಂದು ನಾನು ಸುಳ್ಳು ಹೇಳಿದ್ದೆ. ಆತಂಕದ ಮಾತ್ರೆ ಬಿಡಬೇಡ. ಡಾಕ್ಟರಿಗೆ ಹೇಳು. ಮೆಲೆಯಾನೆ.' ಅದರ ಹಿಂದೆಯೇ ಹಡಗು ಮಂಗಳವಾರ ಹೊರಡುತ್ತದೆ ಎಂದ.

ಪೊಟ್ಟಣ ಮಡಿಲಿನಿಂದ ಬಿತ್ತು. ಕಾಲಿನಿಂದ ಅದನ್ನು ಮೂಲೆಗೆ ತಳ್ಳಿದೆ.

ಅಷ್ಟರಲ್ಲಿ ಹೊರಗೆ ಗೋಳಾಟ. ಊರಿನವರು ನನ್ನ ಹೆಸರು ಕೇಳಿದ್ದಷ್ಟೇ, ಮುಂದಿನದು ಕೇಳುವ ತಾಳ್ಮೆ ಯಾರಿಗಿದೆ? ಕಪ್ಪು ಬಟ್ಟೆ ಉಟ್ಟು, ಸೊಂಟಕ್ಕೆ ಸೂತಕದ ದೊಡ್ಡ ಚಾಪೆ ಸುತ್ತಿಕೊಂಡು, ಗೆಣಸಿನ ಬುಟ್ಟಿ ಹೊತ್ತು ಅಳುತ್ತ ಬಂದರು. ಎಲ್ಲರಿಗಿಂತ ಮುಂದೆ ವಿಲಿಯಾಮಿ ಮಾವ, ಹಗ್ಗ ಕಟ್ಟಿದ ಹಂದಿಯ ಜೊತೆ. ಬಾಗಿಲು ತೆಗೆದವಳು ನಾನು.

'ಅಯ್ಯೋ, ನೀನೇ ತೆಗೀತೀಯಲ್ಲಮ್ಮ,' ಎಂದ.

'ಇನ್ಯಾರು ತೆಗೀಬೇಕಿತ್ತು ಮಾವ?'

ತಂದದ್ದನ್ನು ವಾಪಸು ಒಯ್ದರೆ ಅಪಶಕುನವಂತೆ. ಹಂದಿಯೊಂದನ್ನು ಬಿಟ್ಟು ಎಲ್ಲವನ್ನೂ ಕೆಂಡದ ಗುಂಡಿಯಲ್ಲಿ ಬೇಯಿಸಿ ಭಾನುವಾರ ಊರೇ ನನ್ನ ತಿಥಿಯೂಟ ಮಾಡಿತು. ನಾನೂ ಮಾಡಿದೆ. ಚೆನ್ನಾಗಿತ್ತು.

ನಕ್ಕು ಮುಗಿದ ಮೇಲೆ ಕೋಪ ಬಂತು, ಬಂದದ್ದು ಹೋಗುತ್ತಿಲ್ಲ. ಇಪ್ಪತ್ತೊಂದು ವರ್ಷ. ಹೆರಿಗೆಯಲ್ಲಿ, ಜ್ವರದಲ್ಲಿ, ಕಾಲು ಮುರಿದಾಗ, ಒಂದು ಮಾತ್ರೆ ನುಂಗದೆ ಹಲ್ಲು ಕಚ್ಚಿ ನೋವು ತಿಂದೆನಲ್ಲ, ಅದನ್ನು ಯಾರ ಹತ್ತಿರ ಹೇಳಲಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಯಾರಾದರೂ ಆಸ್ಪಿರಿನ್ ಕೊಟ್ಟುಬಿಟ್ಟಿದ್ದರೆ? ನಿನಗೆ ಒಂದು ದಿನವೂ ಅನ್ನಿಸಲಿಲ್ಲವೇನೇ?

ಒಂದು ತಿಂಗಳು ನನಗೆ ಬರೆಯಬೇಡ. ಬೈಗುಳ ಇನ್ನೂ ಮುಗಿದಿಲ್ಲ, ನೆನಪಾದಾಗ ಬೈದುಕೊಳ್ಳಬೇಕು.

ಲೆಸಿಯೇಲಿ


ಫಲೆಲೋವಾ
18 ಜುಲೈ 2000

ಮೆಲೆಯಾನೆ,

ಬರೆಯಬೇಡ ಎಂದರೆ ನಿಜವಾಗಿಯೂ ಬರೆಯದೆ ಇರುವುದೇ? ಚಿಕ್ಕಂದಿನಲ್ಲಿ ನಾನು ಹೇಳಿದ ಒಂದು ಮಾತನ್ನೂ ಕೇಳದವಳು ಈಗ ವಿಧೇಯಳಾಗಿಬಿಟ್ಟೆ.

ನಿನ್ನ ಕಾಗದ ಓದಿದೆ. ಸೆಮಿಸಿಯ ಕಾಲಿನ ಸಾಲು ಬಂದಾಗ ಕೋಪ ಹಿಡಿದುಕೊಳ್ಳಲು ಬಹಳ ಕಷ್ಟವಾಯಿತು. ಅದು ಕೊನೆಯವರೆಗೂ ಹಾಗೇ ಇತ್ತು ಕಣೇ.

ಆ ಸೋಮವಾರವೇ ಡಾಕ್ಟರ ಹತ್ತಿರ ಹೋದೆ. ಅವರೂ ರೇಡಿಯೋ ಕೇಳಿದ್ದರಂತೆ, ಭಾನುವಾರವೇ ಹೊರಟಿದ್ದರಂತೆ. ವಿಲಿಯಾಮಿ ಮಾವ ಎದುರು ಸಿಕ್ಕಿ 'ಸತ್ತಿಲ್ಲ ಡಾಕ್ಟ್ರೇ, ಊಟ ಮಾಡ್ತಾ ಇದಾಳೆ' ಎಂದ ಮೇಲೆ ವಾಪಸು ಹೋದರು. ಪೊಟ್ಟಣ ತೆಗೆದುಕೊಂಡು ಬಿಚ್ಚಿ ನಾಲ್ಕೂ ಮಾತ್ರೆ ಎಣಿಸಿದರು. ಆಮೇಲೆ ಎದ್ದು ಕೈಕುಲುಕಿದರು, ಯಾಕೋ ಗೊತ್ತಿಲ್ಲ.

ಮುಂದಿನ ವಾರ ಪನಡೋಲಿನ ಪರೀಕ್ಷೆ ಮಾಡಿದರು. ಮನೆಯಲ್ಲಿ ನೀನೇ ಮಾಡಿಕೊಳ್ಳುವ ಕೆಲಸವಲ್ಲ ಎಂದು ಆಸ್ಪತ್ರೆಯ ಮಂಚದ ಮೇಲೆ ಕೂರಿಸಿ, ಪಕ್ಕದಲ್ಲಿ ಸೂಜಿಮದ್ದು ಸಿದ್ಧ ಇಟ್ಟುಕೊಂಡು, ಮೊದಲು ಕಾಲು ಭಾಗ. ಕಾದೆವು. ಆಮೇಲೆ ಅರ್ಧ. ಕಾದೆವು. ಆಮೇಲೆ ಇಡೀ ಮಾತ್ರೆ. ನರ್ಸು ನನ್ನ ಮುಖವನ್ನು ಒಲೆಯ ಮೇಲಿನ ಹಾಲು ನೋಡುವ ಹಾಗೆ ನೋಡುತ್ತಿದ್ದಳು. ಏನೂ ಆಗಲಿಲ್ಲ. ತಲೆನೋವು ಹೋಯಿತು, ಅಷ್ಟೇ ಆದದ್ದು.

ಹಳೆಯ ಕಾರ್ಡಿನ ಕೆಂಪು ಸಾಲಿನ ಮೇಲೆ ಗೆರೆ ಎಳೆದು 'ಆಸ್ಪಿರಿನ್ ಮತ್ತು ಅದರ ಬಳಗ' ಎಂದು ಬರೆದರು. ಬಳಗ ದೊಡ್ಡದು. ಕೀಲುನೋವಿನ ಕೆಲವು ಮಾತ್ರೆ, ನೆಗಡಿಯ ಕೆಲವು ಪುಡಿ, ಅಷ್ಟೇಕೆ, ವಿಲಿಯಾಮಿ ಮಾವ ಮಂಡಿಗೆ ಹಚ್ಚುವ ಆ ಘಾಟು ಎಣ್ಣೆಯಲ್ಲೂ ಅದರ ನೆಂಟನೊಬ್ಬ ಇದ್ದಾನಂತೆ. ಏನೇ ಕೊಂಡರೂ ಮೊದಲು ಕಾರ್ಡು ತೋರಿಸಬೇಕು. ಬಿಳಿ ಮಾತ್ರೆ ಎನ್ನಬಾರದು, ಹೆಸರು ಕೇಳಬೇಕು, ಓದಿಸಬೇಕು. ಈಗ ನಾನು ಊರಿನ ಅಜ್ಜಿಯರ ಕೈಯಲ್ಲೆಲ್ಲ ಮಾತ್ರೆಯ ಹೆಸರು ಹೇಳಿಸುತ್ತೇನೆ. ನನ್ನನ್ನು ಕಂಡರೆ ಡಬ್ಬಿ ಬಚ್ಚಿಡುತ್ತಾರೆ.

ಆತಂಕದ ಮಾತ್ರೆ ಮೊದಲ ಎರಡು ವಾರ ಏನೂ ಮಾಡಲಿಲ್ಲ. ಇದೂ ಸುಳ್ಳು ಎಂದು ನಿಲ್ಲಿಸುವವಳಿದ್ದೆ. ಡಾಕ್ಟರು ಗದರಿದರು. ನಾಲ್ಕನೇ ವಾರ ಒಂದು ಬೆಳಿಗ್ಗೆ ಒಲೆ ಹಚ್ಚುತ್ತ ಹಾಡು ಹೇಳಿಕೊಳ್ಳುತ್ತಿದ್ದೆ. ಹಾಡುತ್ತಿದ್ದೇನೆಂದು ಅರ್ಧ ಹಾಡಾದ ಮೇಲೆ ಗೊತ್ತಾಯಿತು.

ತೂಕಡಿಕೆ ಇಲ್ಲ. ಹೋದ ವಾರದಿಂದ ಬಸ್ಸು ಓಡಿಸಬಹುದೆಂದರು. ಕಟ್ಟೆಯವರೆಗೆ ಓಡಿಸುತ್ತಿದ್ದೇನೆ. ಕಟ್ಟೆ ಇನ್ನೂ ಆಗಿಲ್ಲ. ಅಧಿಕಾರಿ ಆಗಸ್ಟ್ ಹತ್ತಕ್ಕೆ ಬರುತ್ತಾನೆ.

ಬೈಗುಳ ಮುಗಿಯಿತು. ಬರೆ.

ಲೆಸಿ


ಫಲೆಲೋವಾ
11 ಆಗಸ್ಟ್ 2000

ಮೆಲೆ,

ರವಿಕೆ ಬಂತು. ನಿನ್ನ ದೊಡ್ಡ ಅಂದಾಜೂ ಸಾಲದಾಯಿತು. ಪಕ್ಕ ಬಿಚ್ಚಿ ಹೊಲಿದುಕೊಂಡೆ.

ನಿನ್ನೆ ಅಧಿಕಾರಿ ಬಂದ, ಕೂತ, ಎಳನೀರು ಕುಡಿದ, ಸಹಿ ಹಾಕಿದ. ಪರ್ಮಿಟ್ಟು ಆಯಿತು. ಆದರೆ ನಾನು ಹೇಳಬೇಕಾದದ್ದು ನಿನ್ನೆಯ ವಿಷಯವಲ್ಲ, ಹೋದ ಶನಿವಾರದ್ದು.

ಶನಿವಾರ ಶಾಲೆ ಇಲ್ಲ. ಖಾಲಿ ಬಸ್ಸಿನಲ್ಲಿ ಒಂದು ಸಲ ದಾಟಿ ನೋಡೋಣವೆಂದು ಹೊರಟೆ. ಪಕ್ಕದಲ್ಲಿ ವಿಲಿಯಾಮಿ ಮಾವ. ಕಟ್ಟೆ ಹತ್ತಿದೆ. ನಡುವಿಗೆ ಬರುವ ಹೊತ್ತಿಗೆ ಗಂಟಲು ಹಿಡಿಯತೊಡಗಿತು. ಮಾತ್ರೆ ಹೆದರಿಕೆಯನ್ನು ಬೇರುಸಹಿತ ಕೀಳುವುದಿಲ್ಲ, ಅದರ ಗದ್ದಲ ಕಡಿಮೆ ಮಾಡುತ್ತದೆ, ಉಳಿದದ್ದು ನಿಮ್ಮ ಕೆಲಸ ಎಂದು ಡಾಕ್ಟರು ಹೇಳಿದ್ದರು. ಗದ್ದಲ ಕಡಿಮೆ ಇತ್ತು. ಆದರೂ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

ಆಗ ಆ ಮುದುಕ ಸಮುದ್ರ ನೋಡಿಕೊಂಡು ಹೇಳುತ್ತಾನೆ, 'ಇಲ್ಲೇ ಕಣಮ್ಮ. ಅವತ್ತು ಮಾತ್ರೆ ನುಂಗಿದ ನಿನ್ನನ್ನ ನನ್ನ ಲಾರೀಲಿ ಆಸ್ಪತ್ರೆಗೆ ಒಯ್ತಿದ್ದಾಗಲೂ, ಇಲ್ಲಿಗೆ ಬಂದಾಗಲೇ ನಿನ್ನ ಉಸಿರು ನಿಂತಿದ್ದು.'

ಹೇಳುವುದಕ್ಕೆ ಎಂಥ ಹೊತ್ತು ಹುಡುಕಿದ್ದಾನೆ ನೋಡು. ನನಗೆ ಆ ದಿನ ಹಲ್ಲುನೋವು ನೆನಪಿದೆ, ಆಸ್ಪತ್ರೆಯ ಚಾವಣಿ ನೆನಪಿದೆ, ನಡುವಿನದು ಏನೂ ಇಲ್ಲ. ಇಲ್ಲೇ ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಮೈಗೆ ಗೊತ್ತಿತ್ತೋ ಏನೋ.

'ನಿಲ್ಲಿಸ್ಲಾ ಅಂತ ಕೂಗಿ ಕೇಳ್ದೆ,' ಎಂದ. 'ನಿಲ್ಲಿಸಿದ್ರೆ ಕೊಂದುಬಿಡ್ತೀನಿ ಅಂದ್ಲು ನಿನ್ನ ಗೆಳತಿ. ಹಿಂದಿನ ಗಾಜಲ್ಲಿ ತಿರುಗಿ ನೋಡ್ದೆ. ನಿನ್ನ ಬಾಯಿಗೆ ಬಾಯಿಟ್ಟು ಊದ್ತಾ ಇದ್ಲು. ಊದೋದು, ಅಳೋದು, ಮತ್ತೆ ಊದೋದು. ಲಾರಿ ಕುಣೀತಾ ಇತ್ತು, ಅವಳ ತುಟಿ ಒಡೆದು ರಕ್ತ. ಆಸ್ಪತ್ರೆ ಬಾಗಿಲವರೆಗೂ ಬಿಡಲಿಲ್ಲ ನೋಡು. ಅವರು ಸೂಜಿ ಚುಚ್ಚೋಕೆ ಅವಳನ್ನ ಎಳೆದು ಆಚೆ ಹಾಕ್ಬೇಕಾಯ್ತು.'

ಬ್ರೇಕಿನ ಮೇಲಿದ್ದ ಕಾಲು ಯಾವಾಗ ತೆಗೆದೆನೋ ಗೊತ್ತಿಲ್ಲ. ಆಚೆ ದಡ ಬಂದಿತ್ತು. ಅಲ್ಲಿ ನಿಲ್ಲಿಸಿದೆ.

'ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಮಾವ?'

'ಯಾರಾದ್ರೂ ಕೇಳಿದ್ರೆ ತಾನೆ? ಎಲ್ರೂ ಕೇಳಿದ್ದು ಯಾವ ಮಾತ್ರೆ ಅಂತ. ನೀನು ಬದುಕಿದ್ದು ಹೆಂಗೆ ಅಂತ ಒಬ್ರೂ ಕೇಳ್ಲಿಲ್ಲ.'

ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಹಾರನ್ ಒತ್ತಿಹೋಗಿ ನಿಲ್ಲಲೇ ಇಲ್ಲ. ಗೆಣಸು ಕೀಳುತ್ತಿದ್ದವರೆಲ್ಲ ಓಡಿ ಬಂದರು.

ಲೇ ಮೆಲೆಯಾನೆ, ನಿನ್ನ ತಪ್ಪನ್ನು ಇಡೀ ದೇಶಕ್ಕೆ ಓದಿಸಿದೆ. ನನಗೊಬ್ಬಳಿಗೇ ಬರೆದ ಕಾಗದದಲ್ಲೂ ಇದನ್ನು ಯಾಕೆ ಬರೆಯಲಿಲ್ಲ? ಇಪ್ಪತ್ತೊಂದು ವರ್ಷ ನನ್ನನ್ನು ಕೊಲ್ಲಲು ಹೊರಟವಳೆಂದು ನಿನ್ನನ್ನು ಬೈದೆನಲ್ಲ, ಆ ಬೈಯುವ ಉಸಿರೂ ನಿನ್ನದೇ ಆಗಿತ್ತಲ್ಲೇ.

ಊರಿಗೆ ಬಾ. ಜನ ಏನಾದರೂ ಅನ್ನುತ್ತಾರೆ, ಅಂದುಕೊಳ್ಳಲಿ. ನನ್ನ ತಿಥಿ ಊಟ ಉಂಡವರು ಅವರು, ಅವರ ಮಾತಿಗೆ ಏನು ಬೆಲೆ.

ನಿನ್ನ ಲೆಸಿ


ನುಕುಅಲೋಫಾ
19 ಆಗಸ್ಟ್ 2000

ಲೆಸಿ,

ಬೆಂಕಿ ಹಚ್ಚಿದವಳು ನೀರು ತಂದವಳೂ ನಾನೇ ಎಂದು ಹೇಳಿಕೊಂಡು ತಿರುಗುತ್ತಾಳೇನೇ? ಅದಕ್ಕೇ ಹೇಳಲಿಲ್ಲ. ಬೇರೆ ಕಾರಣ ಹುಡುಕಬೇಡ.

ಆ ಮುದುಕನಿಗೆ ಗಾಜಿನಲ್ಲಿ ಎಲ್ಲ ಕಂಡಿತೆಂದು ಇವತ್ತೇ ನನಗೆ ತಿಳಿದದ್ದು. ನಿನ್ನ ಕಾಗದ ಓದಿ ಹೊಲಿಗೆ ಯಂತ್ರದ ಮುಂದೆ ಹಾಗೇ ಕೂತಿದ್ದೆ. ಅಮ್ಮ ಬಂದು ಯಾಕೆ ಅಳುತ್ತೀ ಎಂದಳು. ಲೆಸಿ ಬಸ್ಸು ಓಡಿಸಿದಳು ಎಂದೆ. ಅಪಘಾತವಾಯಿತೇ ಎಂದು ಕೂಗಿಕೊಂಡಳು. ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ನಗು ಬಂತು.

ಬರುತ್ತೇನೆ. ಮಂಗಳವಾರದ ಹಡಗಿಗೆ ಚೀಟಿ ತೆಗೆಸಿದ್ದೇನೆ, ಮನಸ್ಸು ಬದಲಾಗುವ ಮೊದಲೇ. ಬುಧವಾರ ಬೆಳಿಗ್ಗೆ ಪಾಂಗೈ ಬಂದರಿಗೆ ಬಸ್ಸು ತಾ. ವಿಲಿಯಾಮಿ ಮಾವನನ್ನು ಕಳಿಸಬೇಡ, ನೀನೇ ಬರಬೇಕು.

ಕಟ್ಟೆ ಹತ್ತುವ ಮೊದಲು ನನಗೆ ಹೇಳು. ನಾನು ನಿನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ನಿಧಾನ ಮಾಡಬೇಡ, ಏನಾದರೂ ಗಟ್ಟಿಯಾಗಿ ಮಾತಾಡುತ್ತಿರು, ಬೈದರೂ ಸರಿ. ಅವತ್ತು ಆಸ್ಪತ್ರೆಯಿಂದ ನೇರವಾಗಿ ಬಂದರಿಗೆ ಹೋದವಳು ನಾನು. ಆಮೇಲೆ ಇವತ್ತಿನವರೆಗೆ ಆ ಕಟ್ಟೆಯನ್ನು ನಾನೂ ದಾಟಿಲ್ಲ.

ಮೆಲೆ